ದೂರುಪುಟ ತನ್ನ ಒಳಗುಟ್ಟನ್ನು ತಾನೇ ಹೇಳಿಕೊಂಡ ಬಗ್ಗೆ

ಬೀದಿದೀಪ ಇಲಾಖೆ
ಉಪನಿರ್ದೇಶಕರ ಕಚೇರಿ

ಸಂಖ್ಯೆ: ಬೀದೀಇ/ಗಣಕ/ಮುಟ್ಟಬಾರದ್ದು-1/ಮುಟ್ಟಿದ್ದು-1

ವಿಷಯ: ಪುಕ್ಕಟೆ ಸಿಗುವ ಮುಕ್ತ ಭಾಷೆಯಲ್ಲಿ ಬರೆದ ಜಾಲಪುಟವನ್ನು ಇಲಾಖೆಯು ಹಣ ತೆತ್ತು ಕೊಂಡ ಸರ್ವರ್ ಮೇಲೆ ಓಡಿಸುವ ಕುರಿತು.

ಉಲ್ಲೇಖ: ಸರ್ವರ್ ಉಸ್ತುವಾರಿಯವರು ದೂರವಾಣಿಯಲ್ಲಿ ನೀಡಿದ ಅನುಮತಿ (ನೀಡಿರಲಿಲ್ಲವೆಂದು ನಂತರ ತಿಳಿದುಬಂದಿದೆ).

ಮೇಲ್ಕಂಡ ವಿಷಯದಲ್ಲಿ ಎಲ್ಲ ಸಿಬ್ಬಂದಿಯ, ಹಾಗೂ ಈಗಾಗಲೇ ಎಲ್ಲವನ್ನೂ ಓದಿ ಮುಗಿಸಿರುವ ಸಾರ್ವಜನಿಕರ ಗಮನಕ್ಕೆ ತರಲಾಗುವುದೇನೆಂದರೆ:

1. ಬೀದಿದೀಪ ಕೆಟ್ಟರೆ ದೂರು ಕೊಡುವ ಪುಟವನ್ನು ಇಲಾಖೆಯ ಪ್ರೋಗ್ರಾಂ ಬರೆಯುವ ಮೇಡಂ ಅವರು ಪಿಎಚ್‌ಪಿ ಎಂಬ ಮುಕ್ತ ಭಾಷೆಯಲ್ಲಿ ಬರೆದಿದ್ದರು. ಅದು ಮೂಲೆಯ ಹಳೇ ಕಂಪ್ಯೂಟರ್ ಒಂದರಲ್ಲಿ ಯಾರ ತಂಟೆಗೂ ಹೋಗದೆ ಓಡುತ್ತಿತ್ತು. ದುಬಾರಿ ಸರ್ವರ್ ಬಂದಿಳಿದ ಮೇಲೆ, ಕೊಂಡದ್ದನ್ನು ಬಳಸದಿದ್ದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದೀತೆಂದು ಹೆದರಿ, ಕೆಳಗೆ ಸಹಿ ಮಾಡಿರುವ ಉಪನಿರ್ದೇಶಕರು (ಇನ್ನು ಮುಂದೆ ‘ಸಹಿದಾರರು’) ಪುಟವನ್ನು ಅದಕ್ಕೆ ಸಾಗಿಸಲು ಆದೇಶಿಸಿದರು. “ಸಾರ್, ಈ ಸರ್ವರ್‌ಗೆ ನಮ್ಮ ಭಾಷೆ ಬರಲ್ಲ. ಮಧ್ಯೆ ಒಬ್ಬ ದುಭಾಷಿನ ಕೂರಿಸ್ಬೇಕು. ಅಣ್ಣ ಬರೋ ತನಕ ದಯವಿಟ್ಟು ಏನೂ ಮುಟ್ಬೇಡಿ” ಎಂದು ಮೇಡಂ ಅವರಿಂದ ವಿನಂತಿಸಲಾಯಿತು. ಸದರಿ ಅಣ್ಣ, ಅಂದರೆ ಸರ್ವರ್ ಉಸ್ತುವಾರಿ, ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದರು. ಮೇಡಂ ಊಟಕ್ಕೆ ಹೋದರು.

2. ಸಹಿದಾರರು ಮುಟ್ಟಿದರು. ‘ಈ ಬಗೆಯ ಕಡತ ನನಗೆ ಗೊತ್ತಿಲ್ಲ’ ಎಂಬರ್ಥದ ದೋಷಸೂಚನೆ ಪರದೆಯ ಮೇಲೆ ಬಂತು. ಗೊತ್ತು ಮಾಡಿಸಿದರಾಯಿತು ಎಂದುಕೊಂಡು, ಸರ್ವರ್‌ನ ಕಡತಬಗೆಗಳ ಪಟ್ಟಿಯಲ್ಲಿ ಪಿಎಚ್‌ಪಿಯ ಎದುರು ‘ಸಾದಾ ಬರಹ’ ಎಂದು ನಮೂದಿಸಲು ದಂತವೈದ್ಯರ ಬಳಿಯಿದ್ದ ಅಣ್ಣನ ಅನುಮತಿ ಕೇಳಲಾಯಿತು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡಿದ್ದ ಅಣ್ಣ ‘ಊಹೂಂ’ ಎಂದದ್ದು ಸಹಿದಾರರ ಕಿವಿಗೆ ‘ಹೂಂ’ ಎಂದು ಬಿತ್ತು. ಅದನ್ನೇ ಅವರು ಮತ್ತೆ ಮತ್ತೆ ಕೂಗಿ ಹೇಳಿದ್ದನ್ನು ಉತ್ಸಾಹವೆಂದು ಪರಿಗಣಿಸಲಾಯಿತು. ಆದ್ದರಿಂದ, ಹಲ್ಲು ಕೀಳಿಸಿಕೊಂಡ ಸಿಬ್ಬಂದಿಯಿಂದ ಒಸಡು ಮಾಗುವವರೆಗೆ ತಾಂತ್ರಿಕ ಅನುಮತಿ ಪಡೆಯತಕ್ಕದ್ದಲ್ಲ. ತಲೆಯಾಡಿಸಿದ್ದು ದೂರವಾಣಿಯಲ್ಲಿ ಕಾಣುವುದಿಲ್ಲವೆಂದೂ ಈ ಮೂಲಕ ಸ್ಪಷ್ಟಪಡಿಸಲಾಗಿದೆ.

3. ದೋಷಸೂಚನೆ ಮಾಯವಾಯಿತು. “ಇದೇನ್ ಮಹಾ ವಿದ್ಯೆ!” ಎಂದು ಸಹಿದಾರರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. (ಕಚೇರಿ ಸಮಯದಲ್ಲಿ ಸ್ವಂತ ಬೆನ್ನು ತಟ್ಟಿಕೊಳ್ಳುವುದನ್ನು ಇಂದಿನಿಂದ ನಿಷೇಧಿಸಲಾಗಿದೆ.) ವಾಸ್ತವದಲ್ಲಿ ಅವರು ಸರ್ವರ್‌ಗೆ ಹೇಳಿದ್ದು ಇಷ್ಟೆ: ಇದನ್ನು ನಡೆಸಬೇಡ, ಬಂದವರಿಗೆ ಓದಲು ಕೊಡು. ಅದು ಕೊಟ್ಟಿತು. ದೂರು ಕೊಡಲು ಬಂದ ನಾಗರಿಕರಿಗೆ ನಮೂನೆಯ ಬದಲು ಇಡೀ ಪ್ರೋಗ್ರಾಂ, ಮೇಡಂ ನಡುನಡುವೆ ತಮಗಾಗಿ ಬರೆದುಕೊಂಡಿದ್ದ ಟಿಪ್ಪಣಿಗಳ ಸಮೇತ, ಕಾಣಿಸಿತು. ಅವುಗಳಲ್ಲೊಂದು ಹೀಗಿತ್ತು: “ಈ ಬೀದಿ ಯಾವಾಗ್ಲೂ ಸಾಲಲ್ಲಿ ಮೊದಲು ಬರ್ಬೇಕಂತೆ. ಸಾಹೇಬ್ರ ಅತ್ತೆ ಇರೋ ಬೀದಿ. ನನ್ನನ್ನ ಕೇಳ್ಬೇಡಿ.”
ಟಿಪ್ಪಣಿಯಲ್ಲಿ ನಿಜ ಬರೆಯುವುದನ್ನು ನಿಷೇಧಿಸುವ ಕರಡೊಂದು ಸಿದ್ಧವಾಗಿತ್ತು. ಬರೆಯಬಾರದ್ದನ್ನು ಮಾಡದಿರುವುದೇ ಸುಲಭವೆಂದು ಮೇಡಂ ಅಭಿಪ್ರಾಯಪಟ್ಟಿದ್ದರಿಂದ ಅದನ್ನು ಕೈಬಿಡಲಾಗಿದೆ.

4. ಮೇಡಂ ಊಟ ಮುಗಿಸಿ ಬರುವ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಜನ ನೆರೆದರು. ತಿಂಗಳುಗಟ್ಟಲೆ ಕತ್ತಲಲ್ಲಿ ಅಂಗಡಿ ಮುಚ್ಚಿ ಮನೆಗೆ ಹೋಗುತ್ತಿದ್ದ ದರ್ಜಿಯೊಬ್ಬರು ಕೂಗಾಡಲಿಲ್ಲ. “ನಮ್ಮ ಬೀದೀಲೂ ನಿಮಗೊಬ್ರು ಅತ್ತೆ ಇದ್ದಿದ್ರೆ ಚೆನ್ನಾಗಿತ್ತು ಸಾರ್” ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಬೈದು ಉತ್ತರ ಕೊಡಬಹುದಿತ್ತು. ಇದಕ್ಕೆ ಉತ್ತರ ಇನ್ನೂ ಪರಿಶೀಲನೆಯಲ್ಲಿದೆ.

5. ಸಂಜೆ ಅತ್ತೆಯವರ ಕರೆ ಬಂತು. ಅವರಾದರೂ ಸಂತೋಷಪಟ್ಟಾರೆಂದು ಸಹಿದಾರರು ಆಸೆಪಟ್ಟಿದ್ದರು. “ಅಳಿಯಂದ್ರೇ, ನನ್ನ ಬಾಯಿಗೆ ಹೆದರ್ಕೊಂಡು ಇಲಾಖೆಯೋರು ಓಡ್ಬರ್ತಾರೆ ಅಂತ ಬೀದಿಗೆಲ್ಲ ಹೇಳ್ಕೊಂಡಿದ್ದೆ. ಬಂದಿದ್ದು ನಿಮ್ಮ ಮುಲಾಜಿಗಾ? ನಿಮ್ಮನ್ನ ಯಾರು ಕೇಳಿದ್ರು? ನನ್ನ ಮರ್ಯಾದೆ ಮಣ್ಣುಪಾಲು ಮಾಡಿದ್ರಲ್ಲ!” ಎಂದು ಕರೆ ಕತ್ತರಿಸಲಾಯಿತು. ಇನ್ನು ಮುಂದೆ ಯಾರಿಗಾದರೂ ಉಪಕಾರ ಮಾಡಬಯಸುವ ಅಧಿಕಾರಿಗಳು ಫಲಾನುಭವಿಯ ಲಿಖಿತ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯತಕ್ಕದ್ದು. ಅತ್ತೆಯಂದಿರ ವಿಷಯದಲ್ಲಿ ಇಬ್ಬರು ಸಾಕ್ಷಿಗಳೂ ಇರತಕ್ಕದ್ದು.

6. ಮರುದಿನ ಅಣ್ಣ ಊದಿದ ಕೆನ್ನೆ ಹೊತ್ತು ಬಂದು, ‘ಸಾದಾ ಬರಹ’ವನ್ನು ಅಳಿಸಿ, ಎರಡೂ ಕಡೆಯ ಮಾತು ಬಲ್ಲ ದುಭಾಷಿ ತಂತ್ರಾಂಶವನ್ನು ಕೂರಿಸಿದರು. ಪುಕ್ಕಟೆ ಭಾಷೆ ಮತ್ತು ದುಬಾರಿ ಸರ್ವರ್ ಈಗ ಹಾಲು ಜೇನಿನಂತಿವೆ. ಜಗಳವಿದ್ದದ್ದು ಅವುಗಳ ನಡುವೆ ಅಲ್ಲವೆಂದು ದಾಖಲಿಸಲಾಗಿದೆ. ಅತ್ತೆಯವರ ಬೀದಿಯನ್ನು ಮುಂದಿಡುತ್ತಿದ್ದ ಪ್ರೋಗ್ರಾಂ ಸಾಲನ್ನು ಸಹಿದಾರರು ಎಲ್ಲರೆದುರು ತಾವೇ ಅಳಿಸಿದರು. ಅಳಿಸುವ ಗುಂಡಿ ಯಾವುದೆಂದು ಮೇಡಂ ತೋರಿಸಿದರು.

7. ಅದೇ ವಾರ ಆ ಬೀದಿಯ ದೀಪ ಕೆಟ್ಟಿತು. ಕ್ಷಮೆ ಕೇಳಲು ಕತ್ತಲಲ್ಲಿ ತಡವರಿಸುತ್ತ ಹೋದ ಸಹಿದಾರರನ್ನು ಅತ್ತೆಯವರು ಗೇಟಿನ ಬಳಿಯೇ ನಿಂತು ಬರಮಾಡಿಕೊಂಡರು. “ಕೈ ಕೊಡಿ, ಮೆಟ್ಟಿಲಿದೆ” ಎಂದರು. ಸಹಿದಾರರು ಬಾಯಿ ತೆರೆಯುವುದರೊಳಗೆ, “ದೂರು ನಾನೇ ಕೊಟ್ಟಾಯ್ತು. ನಮಗಿಂತ ಮುಂದೆ ಇರೋರದ್ದು ಮೊದಲು ಆಗ್ಲಿ. ಆಮೇಲೂ ಬರ್ಲಿಲ್ಲ ಅಂದ್ರೆ ನಾನೇ ಬರ್ತೀನಿ ನಿಮ್ಮ ಆಫೀಸಿಗೆ. ಆವಾಗ ಅಳಿಯ ಅಂತ ನೋಡಲ್ಲ” ಎಂದು ಸೂಚಿಸಲಾಯಿತು.

ಸದರಿ ಭೇಟಿಗೆ ಇಲಾಖೆಯ ಸಮಸ್ತ ಸಿಬ್ಬಂದಿ ಸನ್ನದ್ಧರಾಗಿರತಕ್ಕದ್ದು.

ಸಹಿ/-
ಉಪನಿರ್ದೇಶಕರು
(ಸರ್ವರ್ ಕೊಠಡಿಗೆ ಪ್ರವೇಶವಿಲ್ಲ)

ಪ್ರತಿಗಳು:
1. ಲೆಕ್ಕಪರಿಶೋಧಕರಿಗೆ – ಸರ್ವರ್ ಬಳಕೆಯಲ್ಲಿದೆ ಎಂಬ ಸಮಾಧಾನಕ್ಕಾಗಿ.
2. ಏಣಿ ಒಯ್ಯುವ ಸಿಬ್ಬಂದಿಗೆ – ಸಾಲಿನ ಪ್ರಕಾರ ಒಯ್ಯಲು.
3. ಸಹಿದಾರರ ಪತ್ನಿಯವರಿಗೆ – ಅವರಿಗೆ ಮೊದಲೇ ಗೊತ್ತಿತ್ತು, ಕಡತಕ್ಕಾಗಿ ಮಾತ್ರ.