ಅತ್ತೀಗೆ ಸ್ವಾತಂತ್ರ್ಯ ಕೊಡಿಸಿದ ಕಥೆ

…ಅಥವಾ ಆ ಮಾತು ನಡೆದದ್ದು ಕ್ಷೌರದಂಗಡಿಯಲ್ಲಲ್ಲ, ದರ್ಜಿಯ ಅಂಗಡಿಯಲ್ಲೋ? ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನೀವೂ ನಂಬಬೇಡಿ. ಆದರೆ ಇಷ್ಟಂತೂ ಖರೆ: ಪ್ರಾಚೀನ ಸ್ಪಾರ್ಟಾದವರ ಮೇಲೆ ಇವತ್ತಿಗೂ ಹಲ್ಲು ಕಡಿಯುವ ಮನುಷ್ಯ ಇಡೀ ವಿಜಯಪುರದಲ್ಲಿ ಒಬ್ಬನೇ. ಅವನು ನನ್ನ ಕಾಕಾ!

ಇತಿಹಾಸದ ಮಾಸ್ತರಿಕೆಯಿಂದ ನಿವೃತ್ತನಾದರೂ ಪಾಠ ನಿಂತಿಲ್ಲ. ಗಾಂಧಿ ಚೌಕದ ಕ್ಷೌರಿಕ (ಅವನೇ ಇರಲಿ) "ಸರ, ಮೀಸಿ ಇಡ್ಲ್ಯೋ, ತಗೀಲ್ಯೋ?" ಎಂದು ಕೇಳಿದ್ದೇ ತಪ್ಪಾಯಿತು.

"ಸ್ಪಾರ್ಟಾದವ್ರು ಏನಂದ್ರು? ಅಥೆನ್ಸಿನ ಕೈಯಾಗಿಂದ ಗ್ರೀಕರನ್ನ ಬಿಡಸ್ತೀವಿ, ಸ್ವಾತಂತ್ರ್ಯ ಕೊಡ್ತೀವಿ ಅಂದ್ರು. ಗೆದ್ದ ಮ್ಯಾಲ? ಅದ ಊರಾಗ ತಮ್ಮ ಪಹರೆ ಕೂಡ್ಸಿದ್ರು! ಆಮ್ಯಾಲ ಅಲೆಕ್ಸಾಂಡರನ ಸರದಾರರೂ ಸ್ವಾತಂತ್ರ್ಯ ಸಾರಿದ್ರು, ರೋಮಿನವ್ರೂ ಸಾರಿದ್ರು. ಎಲ್ಲಾರೂ ಬ್ಯಾರೇದವ್ರ ಕೈಯಾಗಿನ ಊರಿಗೇ ಕೊಡಾವ್ರು! ತಮ್ಮ ಕೈಯಾಗಿದ್ದದ್ದನ್ನ ಯಾರರೆ ಬಿಟ್ರೇನು?"

"ಮೀಸಿ ನಿಮ್ಮ ಕೈಯಾಗಿಂದ ಐತ್ರಿ ಸರ. ಲಗೂನ ಹೇಳ್ರಿ."

ಇಂಥ ಕಾಕಾ ಮಾಡಿದ್ದೇನು ಗೊತ್ತೇ? ಘೋಣಸಗಿಯಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ, ಗಂಡ ತೀರಿದ ಮೇಲೆ, ದೊಡ್ಡಪ್ಪ, ಕಾಕಾ ಇಬ್ಬರಿಗೂ ಅಕ್ಕ, ಅಂದರೆ ನನ್ನ ಅತ್ತಿ, ಇದ್ದಳು. ದ್ರಾಕ್ಷಿ ತೋಟದ ಹಾದಿಯ ಸಲುವಾಗಿ ಅಣ್ಣತಮ್ಮಂದಿರ ಜಗಳ ಹತ್ತಿತು. ಹಾದಿಯ ಮಾತಿನಲ್ಲಿ ಸೋಲತೊಡಗಿದ ಕಾಕಾ ಒಮ್ಮೆಲೇ, "ಅಕ್ಕನ್ನ ಆಳಿನಂಗ ಇಟ್ಟೀದಿ! ಆಕೀಗೆ ಸ್ವಾತಂತ್ರ್ಯ ಕೊಡಸ್ತೀನಿ!" ಎಂದ.

"ನನ್ನ ಮನ್ಯಾಗ ಆಕಿ ಸ್ವತಂತ್ರನ ಅದಾಳ!" ದೊಡ್ಡಪ್ಪ ಗುಡುಗಿದ.

ಪಕ್ಕದಲ್ಲೇ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದ ಅತ್ತಿಯನ್ನು ಇಬ್ಬರೂ ತಿರುಗಿ ನೋಡಲಿಲ್ಲ. ಕಾಕಾ ಅವತ್ತೇ ಅವಳನ್ನು ವಿಜಯಪುರದ ನಮ್ಮ ಮನೆಗೆ ಹೊರಡಿಸಿದ; ಅವಳ ಟ್ರಂಕು ಹೊತ್ತವನು ನಾನು.

ವಿಜಯಪುರಕ್ಕೆ ಬಂದ ವಾರದೊಳಗೆ ಸ್ವಾತಂತ್ರ್ಯದ ಕಲಮುಗಳು ಹೊರಬಿದ್ದವು! ಘೋಣಸಗಿಗೆ ಫೋನ್ ಹಚ್ಚಬಾರದು. ಬಾಜಾರಕ್ಕೆ ಒಬ್ಬಳೇ ಹೋಗಬಾರದು. ಗುಡಿಗೆ ಹೋದರೂ ಜೊತೆಗೆ ನಾನು. ಪಹರೆಯವನು ನಾನೇ ಎಂದು ತಿಳಿದ ದಿನ ನನ್ನ ಮೈ ಉರಿಯಿತು.

ಊಟಕ್ಕೆ ಕೂತಾಗ ಸಿಡಿದೆ: "ಕಾಕಾ, ಇದು ಸ್ಪಾರ್ಟಾ ಅಲ್ಲೇನು?"

"ಲೇ, ಇದು ಬ್ಯಾರೆ! ಆಕೀ ಒಳ್ಳೇದಕ್ಕ ಮಾಡಾಕತ್ತೀನಿ!"

"ಎಲ್ಲಾ ಪಹರೆಯವ್ರೂ ಹಂಗ ಅಂತಾರ!"

ರೊಟ್ಟಿ ಹಾಕುತ್ತಿದ್ದ ಅತ್ತಿ ಮೆಲ್ಲಗೆ ಕೇಳಿದಳು: "ತಮ್ಮಾ, ಆ ಊರಿನವ್ರನ್ನ ಯಾರರೆ ಕೇಳಿದ್ರೇನೋ, ನಿಮಗೇನ್ ಬೇಕು ಅಂತ?"

ಕಾಕಾ ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಟ್ಟು ಎದ್ದ.

ಮರುದಿನ ಮುಂಜಾನೆ ಅವನೇ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದ. "ಅಕ್ಕಾ, ಯಾವ ಬಸ್ ಬೇಕೋ ಹತ್ತು. ಇಲ್ಲೇ ಇರ್ತಿಯಂದ್ರ ಇರು. ನಾ ನೋಡಂಗಿಲ್ಲ," ಎಂದು ಗೋಡೆಗೆ ಮುಖ ಮಾಡಿ ನಿಂತ. ನಾನೂ ಬೆನ್ನು ತಿರುಗಿಸಿದೆ.

ಅತ್ತಿ ಘೋಣಸಗಿಯ ಕಡೆ ಹೋಗುವ ತಿಕೋಟಾ ಬಸ್ ಹತ್ತಲಿಲ್ಲ, ಬಬಲೇಶ್ವರದ್ದು ಹತ್ತಿದಳು. ಈಗ ಅಲ್ಲಿ ಬಾಲ್ಯದ ಗೆಳತಿಯ ಮನೆಯ ಒಂದು ಕೋಣೆಯಲ್ಲಿದ್ದಾಳೆ. ಆ ಊರು ಅವಳಿಗೆ ಬೇಕಾಗಿತ್ತೋ, ಆ ಬಸ್ಸು ಮೊದಲು ಬಂತೋ, ನನಗೆ ಗೊತ್ತಿಲ್ಲ. ನಾನೂ ಕೇಳಿಲ್ಲ.