ಅಳಿಯಂದಿರ ಸಾಲು

ನಿಜಾಮರ ಕಾಲದಲ್ಲಿ ಸೇಡಂ ಶಾಲೆಯಲ್ಲಿ ನಾನು ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದೆ. ಲೆಕ್ಕದ ಮಾಸ್ತರನಿಗೆ ಮದುವೆ ಮನೆಯಲ್ಲಿ ನೆಮ್ಮದಿಯ ಊಟವಿಲ್ಲ; ಇದು ಒಂದು ಸಲದ ಮಾತಲ್ಲ. ನಮ್ಮ ಬಳಗದಲ್ಲಿ ಅಳಿಯಂದಿರು ತುತ್ತು ಎತ್ತದೆ ಬೇರೆ ಯಾರೂ ಉಣ್ಣುವಂತಿಲ್ಲ. ನಾನೋ ಹಸಿವು ತಾಳದವನು.

೧. ಚಿತ್ತಾಪುರ

ನೆಂಟರ ಮನೆಯಲ್ಲಿ ನಾಲ್ವರು ಅಳಿಯಂದಿರು. ಬಡಿಸುವ ತುದಿಯಿಂದ ಸಣ್ಣವ, ಅವನಿಗಿಂತ ದೊಡ್ಡವ, ಅವನಿಗಿಂತಲೂ ದೊಡ್ಡವ ಎಂದು ಮೂವರು ಒತ್ತಾಗಿ ಕೂರಬಾರದೆಂಬುದು ಆ ಮನೆಯ ಅಜ್ಜಿಯ ಕಟ್ಟಳೆ.

"ಇಬ್ಬರಾದ್ರ ನಡೀತದ. ಮೂವರಾದ್ರ ಮೆಟ್ಟಿಲಾಗ್ತದ, ಹಿರ‍್ಯಾರ ಮಾನ ಹೋಗ್ತದ" ಎಂದಳು ಅಜ್ಜಿ.

"ಹಿರಿಯರಿಂದ ಶುರು ಮಾಡ್ರಿ, ಮುಗೀತು" ಎಂದೆ.

"ಪ್ರತಿ ಸಲ ನಾನೇ ಕಡೀಕೇನ್ರಿ?" ಎಂದು ಕಿರಿಯ ಅಳಿಯ ಮುಖ ತಿರುವಿದ.

ಆ ಅಳಿಯಂದಿರ ಮಾವ ನನ್ನತ್ತ ನೋಡಿದರು. ನಾಲ್ವರು ಕೂರುವ ಬಗೆ ಇಪ್ಪತ್ನಾಲ್ಕು; ಮೆಟ್ಟಿಲಾಗುವವು ಏಳು. "ಹದಿನೇಳು ಉಳೀತಾವ್ರಿ, ಬೇಕಾದ್ದು ಆರಿಸ್ಕೋರಿ" ಎಂದೆ.

ಮಾವ ಸಂತೋಷದಿಂದ ಅಡುಗೆಮನೆಗೆ ಕೂಗಿದರು: "ಹುಗ್ಗಿ ಒಲಿ ಮ್ಯಾಲೇ ಇರ‍್ಲಿ. ಹದಿನೇಳೂ ಕುಂದ್ರಿಸಿ ನೋಡೋಣು."

೨. ಶಹಾಬಾದ

ಮುಂದಿನ ಮದುವೆ ಕಲ್ಲುಗಣಿ ಮಾಲಕರ ಮನೆಯಲ್ಲಿ. ಅಲ್ಲೂ ನಾಲ್ವರು, ಅದೇ ಕಟ್ಟಳೆ. ಈ ಸಲ ಎಣಿಕೆಯ ಸುದ್ದಿ ಎತ್ತದೆ, ಹಿರಿಯನಿಂದ ಕಿರಿಯನವರೆಗೆ ಸಾಲಾಗಿ ಕೂರಿಸಿದೆ. ಪುಣ್ಯಕ್ಕೆ ಕಿರಿಯನೂ ಒಪ್ಪಿದ. ಪತ್ರಾವಳಿಗೆ ಉಪ್ಪು ಬಿತ್ತು.

ಅಷ್ಟರಲ್ಲಿ ಹುಗ್ಗಿಯ ಪಾತ್ರೆ ಆ ತುದಿಯಿಂದ, ಕಿರಿಯನ ಕಡೆಯಿಂದ, ಬಂತು. ಹಿರಿಯ ಅಳಿಯ ಎದ್ದೇ ನಿಂತ. ಅಡುಗೆಮನೆಗೆ ಎರಡು ಬಾಗಿಲಿವೆಯೆಂದು ನನಗೆ ಯಾರೂ ಹೇಳಿರಲಿಲ್ಲ.

"ಎರಡೂ ಕಡಿಂದ ಮೆಟ್ಟಿಲಾಗಬಾರದಂದ್ರ ಹತ್ತೇ ಬಗಿ ಅವ. ಒಂದೊಂದೇ ನೋಡಬೇಕ್ರಿ" ಎಂದೆ.

"ಬಿಡ್ರಿ ಮಾಸ್ತರ" ಎಂದರು ಗಣಿ ಮಾಲಕರು. "ಒಂದು ಬಾಗಿಲಿಗಿ ಕಲ್ಲಿಟ್ಟು ಗ್ವಾಡಿ ಕಟ್ಟಸ್ತೀನಿ. ಅದೇ ಜಲ್ದಿ ಆಗ್ತದ."

೩. ಸೇಡಂ

ಕೊನೆಗೆ ನನ್ನ ಮಗಳ ಮದುವೆ. ಒಬ್ಬಳೇ ಮಗಳು, ಒಬ್ಬನೇ ಅಳಿಯ, ಕೂರುವ ಬಗೆಯೂ ಒಂದೇ. ಒಮ್ಮೆಯಾದರೂ ಬಿಸಿ ಹುಗ್ಗಿ ಉಣ್ಣುವ ದಿನ ಬಂತೆಂದು ನಿಜವಾಗಿ ಖುಷಿಪಟ್ಟೆ.

ಅಳಿಯ ಮಣೆಯ ಮೇಲೆ ಕೂತ. ಅತ್ತ ನೋಡಿದ, ಇತ್ತ ನೋಡಿದ, ಕೈ ಹಾಕಲಿಲ್ಲ. ಮಂದಿಯೆಲ್ಲ ಅವನ ಕೈಯನ್ನೇ ನೋಡುತ್ತ ಕೂತರು.

"ಏನ್ ಕಮ್ಮಿ ಆತ್ರಿ?" ಎಂದೆ.

"ಎಲ್ಲಾ ಛಲೋ ಅದ, ಮಾವಾರ. ಆದ್ರ ನಾ ಯಾರಕಿಂತ ಮ್ಯಾಲ ಅಂತ ಮಂದಿಗಿ ಹ್ಯಾಂಗ ತಿಳೀಬೇಕ್ರಿ?"

ವಾದಿಸುವ ತ್ರಾಣ ನನಗಿರಲಿಲ್ಲ. ಅವನ ಪಕ್ಕದಲ್ಲಿ, ಮಣೆಯಿಲ್ಲದೆ, ಬರೀ ನೆಲಕ್ಕೆ ಕುಳಿತೆ. ಅವನ ಮುಖ ಅರಳಿತು, ತುತ್ತು ಎತ್ತಿದ. ನನಗೂ ಪತ್ರಾವಳಿ ಹಾಕಲು ಬಂದವರನ್ನು ಎಡಗೈ ಅಡ್ಡ ಹಿಡಿದು ತಡೆದ.

"ಮಾವಾರಿಗಿ ಈಗ ಬ್ಯಾಡ್ರಿ. ಹೆಣ್ಣಿನ ತಂದಿ ಕಡೀ ಪಂಕ್ತಿಗಿ ಉಣ್ಣಬೇಕು, ಪದ್ಧತಿ ಅದ."