ಮರೆಹೇಮು ಸಾಹೇಬರ ಕೃಪೆ

ತ್ರಿವಿಕ್ರಮ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಅವನ ಬಾಯಿಂದ ಹೊರಡಿಸಿದವರು ಡೈರೆಕ್ಟರ್ ಉಮಾಶಂಕರ ಅವರೇ. ತಿಂಗಳ ಹಿಂದೆ ಬೆಂಗಳೂರಿನಿಂದ ಫೋನು ಮಾಡಿ, ಸ್ಪೀಕರ್ ಹಾಕಿಸಿ, "ನೀವಿಬ್ಬರೂ ನೈರೋಬಿಗೆ ಹೋಗಿ ಎರಡು ವರ್ಷ ಆಯ್ತಲ್ಲ, ಸ್ವಾಹಿಲಿ ಬರುತ್ತೇನಪ್ಪ?" ಎಂದು ಕೇಳಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ಯೋಗೀಶ, "ನನಗೆ ಒಂದಕ್ಷರ ಬರಲ್ಲ ಸಾರ್" ಎಂದು ಪೆದ್ದನ ಹಾಗೆ ಒಪ್ಪಿಕೊಂಡ. ಎದುರಾಳಿ ತಾನಾಗಿ ಔಟಾಗಿ ಹೊರಟಾಗ ಸುಮ್ಮನಿರುವುದು ಯಾರಿಂದ ಸಾಧ್ಯ? "ನನಗೆ ನೀರು ಕುಡಿದಷ್ಟು ಸಲೀಸು ಸಾರ್" ಎಂದುಬಿಟ್ಟ ತ್ರಿವಿಕ್ರಮ.

ಅದಕ್ಕೆ ಕಾರಣವಿತ್ತು. ಕಂಪನಿ ನೈರೋಬಿ ಕಚೇರಿಯನ್ನು ಚಿಕ್ಕದು ಮಾಡುವುದರಲ್ಲಿತ್ತು. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಜಾಗ. ತ್ರಿವಿಕ್ರಮನಿಗೋ ಈ ಊರು ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಹೈರಿಡ್ಜ್‌ನ ಗಾಳಿಬೆಳಕಿನ ಮನೆ, ಫ್ಯಾನಿಲ್ಲದೆ ನಿದ್ದೆ ಬರುವ ಹವೆ, ಹೆಂಡತಿ ಲೀಲಾಳ ಸಂಗೀತದ ಪಾಠಕ್ಕೆ ಬರುವ ಮಕ್ಕಳ ಸಾಲು, ಮಗಳು ಅನಘಾಳಿಗೆ ಒಗ್ಗಿಹೋದ ಶಾಲೆ. ಇದನ್ನೆಲ್ಲ ಕಟ್ಟಿಕೊಂಡು ಇನ್ನೆಲ್ಲಿಗೆ ಹೋಗುವುದು?

ಈಗ ಡೈರೆಕ್ಟರೇ ಖುದ್ದಾಗಿ ಬಂದಿಳಿದಿದ್ದರು. ಯಾವ ದೇಶಕ್ಕೆ ಹೋದರೂ ಮೊದಲು ಅಲ್ಲಿನ ಶಾಸನಸಭೆ, ಆಮೇಲೆ ಮ್ಯೂಸಿಯಂ, ಆಮೇಲೇ ವ್ಯಾಪಾರ ಎಂಬುದು ಅವರ ವ್ರತ. ಬುಧವಾರ ಬೆಳಿಗ್ಗೆ ಪಾರ್ಲಿಮೆಂಟು, ಮಧ್ಯಾಹ್ನ ಮೂರಕ್ಕೆ ಅಪ್ಪರ್ ಹಿಲ್‌ನಲ್ಲಿ ಒಂದು ಪಶುಪಾಲಕರ ಸಹಕಾರ ಸಂಘದ ಜೊತೆ ಮೀಟಿಂಗು. ಸಂಘದ ಕಂಪ್ಯೂಟರ್ ಕೆಲಸ ಸಿಕ್ಕಿದರೆ ಕಂಪನಿಗೆ ಹಬ್ಬ. ತೋರಿಸಿ ಕರೆದುಕೊಂಡು ಬರುವ ಹೊಣೆ ಸ್ವಾಹಿಲಿ ಪಂಡಿತನದು.

"ನಿಮಗೆ ಬರೋದು ಸೊಪ್ಪಿನಂಗಡಿ ಸ್ವಾಹಿಲಿ ಕಣ್ರೀ. ರೇಟು ಕೇಳೋದು, ಜಾಸ್ತಿ ಆಯ್ತು ಅನ್ನೋದು, ಅಸಾಂಟೆ ಅಂತ ಥ್ಯಾಂಕ್ಸ್ ಹೇಳಿ ಕೈ ಮುಗಿಯೋದು. ಅಲ್ಲಿ ಹೋಗಿ ಏನು ಮಾಡ್ತೀರಿ?" ಎಂದಳು ಲೀಲಾ, ಟೈ ಸರಿಮಾಡುತ್ತ.

"ಉಮಾಶಂಕರ ಸಾರ್‌ಗೆ ಅಷ್ಟೂ ಬರಲ್ಲ. ನಾನು ಹೇಳಿದ್ದೇ ಸ್ವಾಹಿಲಿ."

ನೆಗಡಿಯಾಗಿ ಶಾಲೆ ತಪ್ಪಿಸಿ ಸೋಫಾದ ಮೇಲೆ ಮಲಗಿದ್ದ ಅನಘಾ ಕಂಬಳಿಯಿಂದ ಮುಖ ಹೊರಹಾಕಿ, "ಅಪ್ಪಾ, ಯು ಆರ್ ಸೋ ಡೆಡ್" ಎಂದಳು. ಅವಳಿಗೆ ಶಾಲೆಯಲ್ಲಿ ಸ್ವಾಹಿಲಿ ಪಾಠವಿತ್ತು.

ಪಾರ್ಲಿಮೆಂಟಿನ ಗೇಟಿನಲ್ಲಿ ಫೋನುಗಳನ್ನು ಕೊಟ್ಟು, ಬ್ಯಾಡ್ಜು ಸಿಕ್ಕಿಸಿಕೊಂಡು ಇಬ್ಬರೂ ಒಳಗೆ ಹೋದರು. ಉಮಾಶಂಕರ ಗಡಿಯಾರದ ಗೋಪುರವನ್ನು ಕತ್ತೆತ್ತಿ ನೋಡಿ, "ಚೆನ್ನಾಗಿದೆ. ಆದ್ರೆ ನಮ್ಮ ವಿಧಾನಸೌಧದ ಮೆಟ್ಟಿಲಿಗೇ ಇಷ್ಟು ಕಲ್ಲು ಹಿಡಿದಿದೆ" ಎಂದು ತೀರ್ಪು ಕೊಟ್ಟರು. ತ್ರಿವಿಕ್ರಮ ಅದನ್ನೂ ಒಪ್ಪಿದ.

ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಾಗ ಅವನ ಎದೆಯಲ್ಲಿ ಇದ್ದದ್ದು ಒಂದೇ ಹಾರೈಕೆ: ದೇವರೇ, ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡಲಿ. ಸಾಮಾನ್ಯವಾಗಿ ಮಾತಾಡುತ್ತಾರೆ ಕೂಡ. ಆದರೆ ಅಂದು ಎದ್ದ ಮೊದಲನೆಯ ಸದಸ್ಯರು ಸ್ವಾಹಿಲಿಯಲ್ಲಿ ಶುರು ಮಾಡಿದರು. ಶುರು ಮಾಡಿದ ಭಾಷೆಯಲ್ಲೇ ಮುಗಿಸಬೇಕೆಂಬುದು ಆ ಸಭೆಯ ನಿಯಮ. ಎರಡನೆಯವರೂ ಸ್ವಾಹಿಲಿ. ಮೂರನೆಯವರೂ.

"ಏನಂತಪ್ಪ?" ಉಮಾಶಂಕರ ಕಿವಿ ಹತ್ತಿರ ತಂದರು.

ತ್ರಿವಿಕ್ರಮ ಕಣ್ಣು ಮುಚ್ಚಿ ಆಲಿಸಿದ. ಒಂದೇ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು. ಮರೆಹೇಮು. ಪ್ರತಿಯೊಬ್ಬರೂ ಮರೆಹೇಮು ಎನ್ನುವವರೇ. ಇಷ್ಟು ಸಲ ಬರುವುದು ಮನುಷ್ಯರ ಹೆಸರೇ ಇರಬೇಕು, ಅದೂ ದೊಡ್ಡ ಮನುಷ್ಯರದು.

"ಮರೆಹೇಮು ಅಂತ ಒಬ್ಬರಿದಾರೆ ಸಾರ್. ಭಾರೀ ಕುಳ. ಎಲ್ಲ ಅವರನ್ನ ಹೊಗಳ್ತಿದಾರೆ."

"ಯಾವ ಪಾರ್ಟಿ?"

"ಎಲ್ಲ ಪಾರ್ಟಿಯವರೂ ಹೊಗಳ್ತಿದಾರೆ ಸಾರ್."

ಉಮಾಶಂಕರ ಬೆರಗಾದರು. ಎಲ್ಲ ಪಾರ್ಟಿಯವರೂ ಹೊಗಳುವ ರಾಜಕಾರಣಿಯನ್ನು ಅವರು ಈವರೆಗೆ ಯಾವ ದೇಶದಲ್ಲಿಯೂ ಕಂಡಿರಲಿಲ್ಲ. ಅಷ್ಟರಲ್ಲಿ ಹಿರಿಯ ಸದಸ್ಯರೊಬ್ಬರು ಮಾತಿನ ನಡುವೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

"ಅಳ್ತಾ ಇದಾರಲ್ಲೋ?"

"ಆನಂದಬಾಷ್ಪ ಸಾರ್. ಮರೆಹೇಮು ಅವರ ಕ್ಷೇತ್ರಕ್ಕೆ ನೀರು ಕೊಡಿಸಿದಾರೆ." ನೀರಿಗೆ ಮಾಜಿ ಎನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಆ ಪದವೂ ಎಲ್ಲೋ ಕೇಳಿಸಿದಂತಿತ್ತು.

ಆಮೇಲೆ ಸಭೆಗೆ ಸಭೆಯೇ ಎದ್ದು ನಿಂತಿತು. ಗ್ಯಾಲರಿಯವರೂ ಎದ್ದರು. ಯಾರೂ ಕೆಮ್ಮಲಿಲ್ಲ ಕೂಡ.

"ಈಗೇನು?" ಪಿಸುಗುಟ್ಟಿದರು ಉಮಾಶಂಕರ.

"ಮರೆಹೇಮು ಒಳಗೆ ಬರ್ತಿದಾರೆ ಅಂತ ಕಾಣುತ್ತೆ ಸಾರ್."

ಇಬ್ಬರೂ ಕತ್ತು ನೀಳ ಮಾಡಿ ಬಾಗಿಲನ್ನೇ ನೋಡಿದರು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲರೂ ಕೂತರು. ಬರುವ ಮುಂಚೆಯೇ ಇಷ್ಟು ಗೌರವ ಪಡೆದ ಮಹಾನುಭಾವನಿಗೆ ತಮ್ಮದೂ ಇರಲೆಂದು ಉಮಾಶಂಕರ ಜೋರಾಗಿ ಚಪ್ಪಾಳೆ ತಟ್ಟಿದರು. ಇಡೀ ಸಭಾಂಗಣದಲ್ಲಿ ಅದೊಂದೇ ಸದ್ದು. ಸಮವಸ್ತ್ರದ ಸಿಬ್ಬಂದಿಯೊಬ್ಬರು ಬಂದು, ಬಹಳ ಮರ್ಯಾದೆಯಿಂದ, ಇಬ್ಬರಿಗೂ ಹೊರಗಿನ ದಾರಿ ತೋರಿಸಿದರು.

"ಚಪ್ಪಾಳೆ ತಟ್ಟೋ ಹಾಗಿಲ್ಲ ಅಂತ ಮೊದಲೇ ಹೇಳಬಾರದಿತ್ತಾ?" ಎಂದು ಡೈರೆಕ್ಟರು ಮುನಿಸಿಕೊಂಡರು. ತ್ರಿವಿಕ್ರಮನ ಆತ್ಮವಿಶ್ವಾಸಕ್ಕೆ ಮಾತ್ರ ಏನೂ ಆಗಲಿಲ್ಲ. ತನ್ನ ತರ್ಜುಮೆಯ ಮೇಲೆ ಯಾರೂ ತಕರಾರು ಎತ್ತಿಲ್ಲವಲ್ಲ.

ಫೋನು ವಾಪಸು ಪಡೆದು ನಡೆದೇ ಮ್ಯೂಸಿಯಂಗೆ ಹೋದರು. ಬ್ರಿಟಿಷರ ಕಾಲದ ಹಳೆಯ ಕಚೇರಿಯದು. ಒಂದು ಕಾಲದಲ್ಲಿ ಊರಿನ ಜನನ, ಮದುವೆ, ಮರಣ ಎಲ್ಲವೂ ಅಲ್ಲೇ ದಾಖಲಾಗುತ್ತಿದ್ದವಂತೆ. ದೇಶದ ಊರೂರಿನ ದೂರವನ್ನು ಅಳೆಯುವುದು ಅಲ್ಲಿಂದಲೇ ಎಂದು ತಿಳಿದು ಉಮಾಶಂಕರ ಸೊನ್ನೆಯ ಗುರುತಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. "ನೋಡು ತ್ರಿವಿಕ್ರಮ, ಯಾವ ಊರಿಗೆ ಹೋಗೋದಿದ್ರೂ ಶುರು ಇಲ್ಲಿಂದಲೇ" ಎಂದರು. ಮುನಿಸು ಇಳಿದಿತ್ತು.

ಒಳಗಿನ ಒಂದು ಕೋಣೆಯಲ್ಲಿ ಹಳೆಯ ಮುಖಂಡರ ಫೋಟೋಗಳ ಸಾಲಿತ್ತು. ಪ್ರತಿಯೊಂದರ ಕೆಳಗೆ ಸ್ವಾಹಿಲಿಯಲ್ಲಿ ಹೆಸರಿನ ಪಟ್ಟಿ. ಉಮಾಶಂಕರ ಕನ್ನಡಕ ಏರಿಸಿ ಓದುತ್ತ ಹೋದರು. "ಮರೆಹೇಮು. ಇವರೂ ಮರೆಹೇಮು. ಅಗೋ, ಅವರೂ ಮರೆಹೇಮು. ಏನಿದು?"

"ದೊಡ್ಡ ಮನೆತನ ಸಾರ್. ತಲೆತಲಾಂತರದಿಂದ ರಾಜಕೀಯದಲ್ಲಿದಾರೆ."

"ವಂಶ ರಾಜಕಾರಣ ಇಲ್ಲೂ ಬಿಟ್ಟಿಲ್ಲ ಅನ್ನು. ಪಕ್ಕದಲ್ಲಿ ಎರಡೆರಡು ಇಸವಿ ಇದೆಯಲ್ಲ?"

"ಅಧಿಕಾರದ ಅವಧಿ ಸಾರ್."

"ಸಾವಿರದ ಒಂಬೈನೂರ ಹದಿನೆಂಟರಿಂದ ತೊಂಬತ್ತೈದು. ಎಪ್ಪತ್ತೇಳು ವರ್ಷ?"

"ಜನಪ್ರಿಯ ಮನೆತನ ಸಾರ್" ಎಂದ ತ್ರಿವಿಕ್ರಮ. ಆದರೆ ಎಪ್ಪತ್ತೇಳರ ಲೆಕ್ಕ ಅವನಿಗೂ ಸರಿಯೆನ್ನಿಸಲಿಲ್ಲ. ಅವರು ಮುಂದಿನ ಫೋಟೋಗೆ ಹೋದದ್ದೇ, ಕಂಬದ ಮರೆಯಲ್ಲಿ ನಿಂತು ಮಗಳಿಗೆ ಮೆಸೇಜು ಕಳಿಸಿದ: ಮರೆಹೇಮು ಅಂದರೇನು?

ಉತ್ತರ ಕೂಡಲೇ ಬಂತು. "ಇಟ್ ಮೀನ್ಸ್ ಲೇಟ್, ಅಪ್ಪಾ."

ಲೇಟ್. ಅಂದರೆ ತಡ. ತ್ರಿವಿಕ್ರಮ ನಿಟ್ಟುಸಿರು ಬಿಟ್ಟ. ಸಭೆಯೆಲ್ಲ ಎದ್ದು ಕಾದರೂ ಹೊತ್ತಿಗೆ ಸರಿಯಾಗಿ ಬಾರದ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ? ಮನೆತನಕ್ಕೇ ಆ ಅಡ್ಡಹೆಸರು ಬಿದ್ದಿರಬೇಕು. ಅವನ ಮುಖ ಮತ್ತೆ ಅರಳಿತು.

ಊಟದ ಹೊತ್ತಿಗೆ ಉಮಾಶಂಕರ ಒಂದು ತೀರ್ಮಾನಕ್ಕೆ ಬಂದಿದ್ದರು. "ಮೂರು ಗಂಟೆ ಮೀಟಿಂಗಲ್ಲಿ ಮರೆಹೇಮು ಹೆಸರು ಎತ್ತಿಬಿಡೋಣ. ನಾವು ಅವರ ಕಡೆಯೋರು ಅಂತ ಆ ಸಂಘದ ಅಧ್ಯಕ್ಷೆ ಮೇಡಂಗೆ ಗೊತ್ತಾಗಲಿ. ವ್ಯಾಪಾರದಲ್ಲಿ ಇಂಥದ್ದೆಲ್ಲ ಬೇಕು."

"ಒಳ್ಳೇ ಐಡಿಯಾ ಸಾರ್" ಎಂದ ತ್ರಿವಿಕ್ರಮ, ಇನ್ನೊಂದು ಚಪಾತಿ ಹಾಕಿಸಿಕೊಳ್ಳುತ್ತ.

ಅಪ್ಪರ್ ಹಿಲ್‌ನ ಕಚೇರಿಯ ಬಾಗಿಲಲ್ಲೇ ದೊಡ್ಡದೊಂದು ಫೋಟೋ ಇಟ್ಟಿದ್ದರು. ಮೂಲೆಗೆ ಕಪ್ಪು ರಿಬ್ಬನ್ನು, ಮುಂದೆ ಬಿಳಿಯ ಹೂವು, ಕೆಳಗೆ ಹೆಸರು: ಮರೆಹೇಮು ಎಕಾಯ್.

"ಅರೆ, ಇಲ್ಲೂ ಇದಾರೆ" ಎಂದು ಉಮಾಶಂಕರ ಹಿಗ್ಗಿದರು. "ಹೂವು ಬೇರೆ. ನಮ್ಮಲ್ಲಿ ಕಟೌಟಿಗೆ ಹಾಲು ಹುಯ್ಯಲ್ವೇ, ಹಾಗೆ. ಬೆಳಿಗ್ಗೆ ಹೊಗಳಿದ್ದು ಇವರನ್ನೇ ಅಂತ ಕಾಣುತ್ತೆ."

ತ್ರಿವಿಕ್ರಮ ಕಪ್ಪು ರಿಬ್ಬನ್ನನ್ನು ನೋಡಿದ. ಆಗ ಜೇಬಿನಲ್ಲಿ ಫೋನು ಅದುರಿತು. ಔಷಧಿ ಕುಡಿದು ಮಲಗಿದ್ದ ಮಗಳು ಎದ್ದು ಇನ್ನೊಂದು ಮೆಸೇಜು ಹಾಕಿದ್ದಳು. "ಲೇಟ್ ಆ್ಯಸ್ ಇನ್ ಡೆಡ್. ಹೂ ಡೈಡ್?"

ಬೆಳಗಿನ ಕಣ್ಣೀರು, ಮೌನ, ಆ ಮೌನದ ಕೊನೆಯಲ್ಲಿ ಡೈರೆಕ್ಟರರ ಚಪ್ಪಾಳೆ, ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಮರೆಹೇಮು ಎಂದರೆ ದಿವಂಗತ. ಹೈರಿಡ್ಜ್‌ನ ಮನೆ ಕೈತಪ್ಪಿ ಹೋಗುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಡೈರೆಕ್ಟರರ ಕೋಟಿನ ತೋಳು ಹಿಡಿದೆಳೆದ.

"ಸಾರ್, ಮರೆಹೇಮು ಹೆಸರು ಎತ್ತಬೇಡಿ ಸಾರ್."

"ಯಾಕೆ?"

"ಅವರು ಈಗ ಅಧಿಕಾರದಲ್ಲಿಲ್ಲ ಸಾರ್."

"ಬೆಳಿಗ್ಗೆ ಇದ್ರಲ್ಲಯ್ಯ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಸಂಘದ ಅಧ್ಯಕ್ಷೆ ಶ್ರೀಮತಿ ಅಕಿರು, ಕಪ್ಪು ಉಡುಪಿನ ಗಂಭೀರ ಹೆಂಗಸು, ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಉಮಾಶಂಕರ ಕುರ್ಚಿ ಬಿಸಿಯಾಗುವ ಮೊದಲೇ ಇಂಗ್ಲಿಷಿನಲ್ಲಿ ಶುರು ಹಚ್ಚಿಕೊಂಡರು. "ಮೇಡಂ, ಬೆಳಿಗ್ಗೆ ನಾವು ಪಾರ್ಲಿಮೆಂಟಿನಲ್ಲಿದ್ದೆವು. ಮರೆಹೇಮು ಅವರಿಗಾಗಿ ಇಡೀ ಸಭೆ ಎದ್ದು ನಿಂತಿತು. ನಾವೂ ನಿಂತೆವು. ಎಂಥ ದೊಡ್ಡ ವ್ಯಕ್ತಿ. ಈ ಕೆಲಸದಲ್ಲಿ ಅವರ ಆಶೀರ್ವಾದ ನಮ್ಮ ಮೇಲಿದೆ ಎಂದೇ ನಾನು ನಂಬಿದ್ದೇನೆ."

ಅಕಿರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಇಬ್ಬರ ಮುಖವನ್ನೂ ನೋಡಿದರು. ತ್ರಿವಿಕ್ರಮ ಕುರ್ಚಿಯಿಂದ ಎದ್ದೇಬಿಟ್ಟ. ಕ್ಷಮೆ ಕೇಳಬೇಕು, ಈಗಲೇ ಕೇಳಬೇಕು. ಸೊಪ್ಪಿನಂಗಡಿಯಲ್ಲಿ ಯಾರ ಕಾಲನ್ನಾದರೂ ತುಳಿದಾಗ ಹೇಳುವ ಮಾತೊಂದೇ ಅವನ ಬಾಯಿಗೆ ಬಂದದ್ದು. "ಪೋಲೆ ಸಾನಾ, ಮಾಮಾ" ಎಂದ, ತಪ್ಪಾಯ್ತಮ್ಮ ಎನ್ನುವ ಅರ್ಥದಲ್ಲಿ. ಕಣ್ಣಲ್ಲಿ ನೀರೂ ಬಂತು.

ಆ ದೇಶದಲ್ಲಿ ಕಾಲು ತುಳಿದಾಗಲೂ, ಸಾವಿನ ಮನೆಗೆ ಹೋದಾಗಲೂ ಹೇಳುವುದು ಅದೇ ಮಾತು.

ಅಕಿರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಈ ಸಂಘ ಕಟ್ಟಿದವರೇ ಎಕಾಯ್ ಅವರು, ಎಂದರು. ಅಷ್ಟು ದೂರದಿಂದ ವ್ಯಾಪಾರಕ್ಕೆ ಬಂದ ನೀವು ಮೊದಲು ಅವರಿಗೆ ಗೌರವ ಸಲ್ಲಿಸಿ ಬಂದಿದ್ದೀರಿ. ಬೇರೆ ಕಂಪನಿಯವರು ಒಬ್ಬರೂ ಇಂಥ ಕೆಲಸ ಮಾಡಲಿಲ್ಲ. ಸಭೆಯಲ್ಲಿ ಅವರು ಎಂದೂ ಇಂಗ್ಲಿಷ್ ಆಡಿದವರಲ್ಲ, ಅದಕ್ಕೇ ಇವತ್ತು ಎಲ್ಲರೂ ಸ್ವಾಹಿಲಿಯಲ್ಲೇ ಮಾತಾಡಿದ್ದು. ಕಾಂಟ್ರಾಕ್ಟು ನಿಮ್ಮದೇ.

ಆಮೇಲೆ ಡೈರೆಕ್ಟರೂ ಅವರೂ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ತ್ರಿವಿಕ್ರಮ ಹೊರಗೆ ಎಕಾಯ್ ಅವರ ಫೋಟೋದ ಎದುರು ಕೂತು, ಜನ್ಮದಲ್ಲಿ ಕಾಣದ ಆ ಮನುಷ್ಯನಿಗೆ ಮನಸಾರೆ ಕೈ ಮುಗಿದ.

ಕಾರು ಹತ್ತಿದ ಮೇಲೆ ಉಮಾಶಂಕರ ಅವನ ಬೆನ್ನು ತಟ್ಟಿದರು. "ಮರೆಹೇಮು ಹೆಸರು ಎತ್ತಿದ ಕೂಡಲೇ ಆಕೆ ಕರಗಿಹೋದ್ರು ನೋಡು. ಮುಂದಿನ ಸಲ ಬಂದಾಗ ಅವರನ್ನ ಒಂದು ಸಲ ಭೇಟಿ ಮಾಡಲೇಬೇಕು."

"ಅವಸರ ಏನಿಲ್ಲ ಸಾರ್" ಎಂದ ತ್ರಿವಿಕ್ರಮ. "ನಿಮಗಿನ್ನೂ ವಯಸ್ಸಿದೆ."

"ಇರಲಿ. ಒಂದು ಷರತ್ತು ಹಾಕಿದ್ರು. ಸಂಘದ ಮುಖ್ಯ ಶಾಖೆ ಇರೋದು ಲೊಡ್ವಾರ್‌ನಲ್ಲಂತೆ. ಅಲ್ಲಿನ ಸದಸ್ಯರ ಹತ್ತಿರ ಸ್ವಾಹಿಲಿಯಲ್ಲೇ ಮಾತಾಡಬೇಕು, ಅದು ಮರೆಹೇಮು ಅವರ ಇಚ್ಛೆಯಂತೆ. ಸ್ವಾಹಿಲಿ ಬರೋ ನಮ್ಮೋರು ಒಬ್ಬರು ಅಲ್ಲೇ ಇದ್ದು ಮೂರು ವರ್ಷ ಟ್ರೇನಿಂಗ್ ಕೊಡಬೇಕು. ಆಕೆ ನಿನ್ನ ಹೆಸರೇ ಹೇಳಿದ್ರಪ್ಪ. ನಾನು ಒಪ್ಪಿಬಿಟ್ಟೆ."

ತ್ರಿವಿಕ್ರಮನಿಗೆ ಲೊಡ್ವಾರ್ ಎಲ್ಲಿದೆಯೆಂದು ಗೊತ್ತಿತ್ತು. ಬೆಳಿಗ್ಗೆ ಕಂಡ ಆ ಸೊನ್ನೆಯಿಂದ ಸುಮಾರು ಏಳುನೂರು ಕಿಲೋಮೀಟರು ಉತ್ತರಕ್ಕೆ, ಬರೀ ಬಿಸಿಲು ಮತ್ತು ಮರಳಿನ ನಡುವೆ.

"ಮತ್ತೆ ನೈರೋಬಿ ಆಫೀಸು, ಸಾರ್?"

"ಅದಕ್ಕೆ ಯೋಗೀಶ ಇದಾನಲ್ಲ" ಎಂದರು ಉಮಾಶಂಕರ, ಸೀಟಿಗೆ ಒರಗಿ ಕಣ್ಣು ಮುಚ್ಚುತ್ತ. "ಪಾಪ, ಅವನಿಗೆ ಒಂದಕ್ಷರ ಸ್ವಾಹಿಲಿ ಬರಲ್ಲ. ಅವನನ್ನ ಬೇರೆ ಎಲ್ಲಿಗೆ ತಾನೇ ಕಳಿಸೋದು?"

ತ್ರಿವಿಕ್ರಮ ಫೋನು ತೆಗೆದು ನೋಡಿದ. ಮಗಳ ಪ್ರಶ್ನೆ ಇನ್ನೂ ಉತ್ತರಕ್ಕಾಗಿ ಕಾಯುತ್ತಿತ್ತು: ಹೂ ಡೈಡ್?

"ನಾನೇ" ಎಂದು ಬರೆದು ಕಳಿಸಿದ.